ಹೊರಗೆ ಬಂದ ನಂಜು

ಒಂಬತ್ತು ವರ್ಷಗಳ ನಂತರ ನನ್ನ ತಟ್ಟೆಗೆ ಬದನೆಕಾಯಿ ಬಿತ್ತು. ಬಡಿಸಿದವಳು ನನ್ನ ಅವ್ವ. ಒಂಬತ್ತು ವರ್ಷ ನನ್ನ ತಟ್ಟೆಯ ಹತ್ತಿರ ಬದನೆಕಾಯಿ ಸುಳಿಯದಂತೆ ಕಾವಲು ಕಾದವಳೂ ಅವಳೇ. ಅಂದು ಎಣ್ಣೆಗಾಯಿಯ ಜೊತೆ ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ, ನಡುವೆ ಮುದ್ದೆ. ನನ್ನ ಚರ್ಮಕ್ಕೆ ಆಗದು ಎಂದು ಅವಳು ಮನೆಯಿಂದಲೇ ಗಡೀಪಾರು ಮಾಡಿದ್ದ ಪದಾರ್ಥಗಳೆಲ್ಲ ಒಂದೇ ಊಟಕ್ಕೆ ವಾಪಸ್ಸಾಗಿದ್ದವು. "ತಿನ್ನು ಮಗಾ, ಇನ್ನೊಂದು ಹಾಕ್ತೀನಿ" ಎಂದಳು. ತಿಂದೆ. ನಾಲಗೆಗೆ ರುಚಿಯಾಗಿತ್ತು. ಆದರೆ ನನ್ನ ಮೈಮೇಲಿಂದ ಹೋಗಿದ್ದ ರೋಗವನ್ನು ವಾಪಸ್ಸು ಕರೆಸಲು ಮಾಡಿದ ಅಡುಗೆ ಅದು.

ಇದನ್ನು ಓದುವವರಿಗೆ ನಮ್ಮ ಮನೆಯವರಿಗೆ ತಲೆ ಕೆಟ್ಟಿತ್ತು ಅನ್ನಿಸಬಹುದು. ಕೆಟ್ಟಿರಲಿಲ್ಲ, ಹೆದರಿದ್ದೆವು. ಹೆದರಿದವರ ಬುದ್ಧಿ ಹೇಗೆ ಓಡುತ್ತದೆ ಎನ್ನುವುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಮತ್ತೋಡು ಹೋಬಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಹೊಸದುರ್ಗದಲ್ಲಿ. ಹುಟ್ಟಿ ಬೆಳೆದದ್ದು ಜವನಗೊಂಡನಹಳ್ಳಿಯ ಆಸುಪಾಸಿನ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮೂವತ್ತೆಂಟನೇ ವಯಸ್ಸಿನಲ್ಲಿ ನನ್ನ ಮೊಣಕೈ ಮೇಲೆ ರೂಪಾಯಿ ಅಗಲದ ಕೆಂಪು ಮಚ್ಚೆ ಎದ್ದಿತು. ಕೆರೆದರೆ ಬೆಳ್ಳಗೆ ಹೊಟ್ಟು ಉದುರುತ್ತಿತ್ತು. ವರ್ಷ ತುಂಬುವುದರೊಳಗೆ ಮಂಡಿ, ಬೆನ್ನು, ತಲೆಯ ಬುರುಡೆ ಎಲ್ಲ ಅದರ ಆಸ್ತಿಯಾಯಿತು. ಡಾಕ್ಟರು ಸೋರಿಯಾಸಿಸ್ ಎಂದರು. ಅಂಟುರೋಗವಲ್ಲ ಎಂದೂ ಹೇಳಿದರು. ಆದರೆ ಆ ಎರಡನೇ ಮಾತನ್ನು ನಾನೊಬ್ಬನೇ ಕೇಳಿಸಿಕೊಂಡರೆ ಏನು ಬಂತು? ಕ್ಷೌರದಂಗಡಿಯಲ್ಲಿ ನನಗೆ ಬೇರೆ ಟವೆಲ್ ಬಂತು. ಶಾಲೆಯಲ್ಲಿ ನಾನು ಎದ್ದ ಕುರ್ಚಿಯನ್ನು ಒರೆಸದೆ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ಒಬ್ಬ ಸಹೋದ್ಯೋಗಿ ನನ್ನೆದುರೇ ಪೇಪರ್ ಹಾಸಿ ಕೂತಾಗ, ಅದರ ಮೇಲೆ ಗಂಧದ ನೀರೂ ಚಿಮುಕಿಸಿಕೊಳ್ಳಿ ಎಂದು ಜಗಳ ತೆಗೆದೆ. ಆಮೇಲೆ ಬಿಸಿಲಿರಲಿ ಸೆಕೆಯಿರಲಿ, ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೆ ಗುಂಡಿ. ನನ್ನ ಕೋಪವೂ ಅದರೊಳಗೇ ಬೇಯುತ್ತಿತ್ತು.

ಅವ್ವನ ಪ್ರಕಾರ ಅದು ನಂಜು. ರಕ್ತದಲ್ಲಿ ಸೇರಿದ ವಿಷ. ಅದಕ್ಕೇ ಪಥ್ಯ: ಬದನೆ ಇಲ್ಲ, ಹುರುಳಿ ಇಲ್ಲ, ಶೇಂಗಾ ಇಲ್ಲ, ಬಾಡೂಟಕ್ಕೆ ಕರೆದರೆ ಅನ್ನ ಮೊಸರು ಉಂಡು ಬರುವುದು. ಎಂಟು ವರ್ಷದ ಪಥ್ಯದಿಂದ ಏನೂ ಆಗಲಿಲ್ಲ. ಕಡೆಗೆ ನನ್ನ ಹೆಂಡತಿ, ಅವಳು ಹೊಳಲ್ಕೆರೆಯವಳು, ಹೆಚ್ಚು ಮಾತಿನವಳಲ್ಲ, ಒಂದು ಭಾನುವಾರ ನನ್ನ ಹಾಸಿಗೆಯ ಹೊದಿಕೆ ಕೊಡವುತ್ತ ನಿಂತು, ನಾಳೆ ರಜೆ ಹಾಕಿ ದುರ್ಗಕ್ಕೆ ನಡೀರಿ ಎಂದಳು. ಚಿತ್ರದುರ್ಗದಲ್ಲಿ ಒಬ್ಬ ಚರ್ಮದ ಡಾಕ್ಟರಮ್ಮ ಸಿಕ್ಕರು. ವಾರಕ್ಕೆ ಒಂದೇ ದಿನ ನುಂಗಬೇಕಾದ ಮಾತ್ರೆ ಬರೆದರು, ಹಚ್ಚಲು ಮುಲಾಮು, ಆಗಾಗ ರಕ್ತಪರೀಕ್ಷೆ. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಈ ಕಾಯಿಲೆ ಬರೀ ಚರ್ಮದ್ದಲ್ಲ, ಮೈಯೊಳಗಿನ ಉರಿಯೂತ. ಜೋರಾಗಿರುವವರಲ್ಲಿ ಎದೆಬಡಿತ ಏರುಪೇರಾಗುವ ಸಂಭವ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಬಿ.ಪಿ. ನೋಡಿಸಿಕೊಳ್ಳುತ್ತಿರಿ, ಎದೆಯ ಕಡೆ ಒಂದು ಗಮನವಿರಲಿ. ನಾನು ತಲೆಯಾಡಿಸಿದೆ. ನನ್ನ ಗಮನವೆಲ್ಲ ಮೊಣಕೈ ಮೇಲಿತ್ತು.

ಆರು ತಿಂಗಳಲ್ಲಿ ಚರ್ಮ ತಿಳಿಯಾಯಿತು. ಹೊಸದುರ್ಗದ ಅಂಗಡಿಯೊಂದರಲ್ಲಿ ಅರ್ಧತೋಳಿನ ಮೂರು ಅಂಗಿ ತಂದೆ. ಮೊದಲ ದಿನ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ ಗಾಳಿ ಮೊಣಕೈಗೆ ಬಡಿಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಅವ್ವನ ಮುಂದೆ ತೋಳು ಚಾಚಿದೆ. ಅವಳು ಮುಟ್ಟಿ ನೋಡಿದಳು. ಸಂತೋಷಪಡಲಿಲ್ಲ. ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಕಾರಣ ಗೊತ್ತಿದ್ದೂ ಸಿಟ್ಟು ಬಂತು.

ಅಪ್ಪನಿಗೂ ಇದೇ ಕಾಯಿಲೆ ಇತ್ತು. ಅವನು ಬೇಸಿಗೆಯಲ್ಲೂ ಕಂಬಳಿ ಬಿಡುತ್ತಿರಲಿಲ್ಲ. ನನಗೆ ಹದಿನಾಲ್ಕಿದ್ದಾಗ ಅವ್ವ ಹಿರಿಯೂರಿನ ಕಡೆಯ ಒಬ್ಬ ನಾಟಿ ಪಂಡಿತನಿಂದ ಕಪ್ಪು ಮುಲಾಮು ತಂದಳು. ಮೂರು ತಿಂಗಳು ದಿನಾ ಅಪ್ಪನ ಬೆನ್ನಿಗೆ ತಾನೇ ತಿಕ್ಕಿದಳು. ಬೆನ್ನು ತೊಳೆದ ಹಲಗೆಯಂತಾಯಿತು. ಅಪ್ಪ ಕಂಬಳಿ ಬಿಟ್ಟು ಬಾವಿಕಟ್ಟೆಯ ಮೇಲೆ ಎಲ್ಲರೆದುರು ಸ್ನಾನ ಮಾಡಿದ. ಅದಾದ ಕೆಲವು ದಿನಕ್ಕೆ, ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲ ಮುಳ್ಳು ಸರಿಸುತ್ತಿದ್ದವನು ಎದೆ ಹಿಡಿದುಕೊಂಡು, "ಎದೆ ಹಾರ್ತೈತೆ ಕಣೇ" ಎಂದು ಅವ್ವನಿಗೆ ಹೇಳಿ ಅಲ್ಲೇ ಕೂತ. ಮತ್ತೆ ಏಳಲಿಲ್ಲ. ಕುರಿಗಳು ಅವನನ್ನು ಸುತ್ತುಹಾಕಿಕೊಂಡು ಹೊರಗೆ ಹೋದವು. ಮಣ್ಣಿಗೆ ಬಂದ ಹಿರಿಯರು ಮಾತಾಡಿಕೊಂಡರು: ನಂಜು ಮೇಲಿದ್ದರೆ ತೊಗಲು ಕೆಡುತ್ತದೆ, ಮದ್ದು ಹಾಕಿ ಒಳಗೆ ದೂಡಿದರೆ ಎದೆಗೆ ಬಡಿಯುತ್ತದೆ. ಅವ್ವ ಗೋಡೆಗೆ ಒರಗಿ ಕೂತು ಅದನ್ನು ಕೇಳಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಅರ್ಧತೋಳಿನ ಅಂಗಿ ತೊಟ್ಟ ಮೂರನೇ ತಿಂಗಳು ಏಳನೇ ತರಗತಿಗೆ ರಕ್ತಪರಿಚಲನೆಯ ಪಾಠ ಮಾಡುತ್ತಿದ್ದೆ. ಪ್ರತಿ ವರ್ಷದಂತೆ, ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡಕ್ಕೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ ಎಂದು ಮಕ್ಕಳಿಗೆ ಹೇಳಿ, ನಾನೂ ನನ್ನ ಕೈ ಹಿಡಿದುಕೊಂಡು ನಿಂತೆ. ಒಂದು, ಎರಡು, ಮೂರು. ನಾಲ್ಕು ಬರಲೇ ಇಲ್ಲ. ಆಮೇಲೆ ನಾಲ್ಕು ಐದು ಆರು ಒಂದರ ಮೇಲೊಂದು ನುಗ್ಗಿದವು. ಮತ್ತೆ ತಡೆ. ಮತ್ತೆ ನುಗ್ಗು. ಬೆರಳು ತಪ್ಪು ಜಾಗದಲ್ಲಿದೆ ಎಂದುಕೊಂಡು ಸರಿಸಿದೆ. ಎದೆಯೊಳಗೆ ಕೈಗೆ ಸಿಕ್ಕ ಗುಬ್ಬಿ ಒದ್ದಾಡಿದ ಹಾಗೆ ಆಗುತ್ತಿತ್ತು. ಅಂಗೈ ಬೆವರಿತು. ಮಕ್ಕಳು ತಮ್ಮ ತಮ್ಮ ಲೆಕ್ಕ ಕೂಗಿ ಹೇಳುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ನಿಮ್ದೆಷ್ಟು?" ಎಂದಳು.

"ಎಪ್ಪತ್ತೆರಡು" ಎಂದೆ.

ಅದು ಪುಸ್ತಕದಲ್ಲಿದ್ದ ಸಂಖ್ಯೆ. ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಮಕ್ಕಳಿಗೆ ಅಷ್ಟು ನೇರವಾದ ಸುಳ್ಳನ್ನು ನಾನು ಹೇಳಿರಲಿಲ್ಲ. ಕುರ್ಚಿಯಲ್ಲಿ ಕೂತು ಮೇಜಿನ ಅಂಚು ಹಿಡಿದುಕೊಂಡೆ. ಗಂಟೆ ಬಾರಿಸುವ ಹೊತ್ತಿಗೆ ಎದೆ ತನ್ನಷ್ಟಕ್ಕೆ ಸುಮ್ಮನಾಯಿತು.

ಸಂಜೆ ಹೊಸದುರ್ಗದ ಒಂದು ಕ್ಲಿನಿಕ್ಕಿಗೆ ಹೋಗಿ ಇ.ಸಿ.ಜಿ. ಮಾಡಿಸಿದೆ. ಅಂಗಿ ಬಿಚ್ಚಿ ಎಂದಾಗ ಒಂಬತ್ತು ವರ್ಷದಲ್ಲಿ ಮೊದಲ ಸಲ ಸಂಕೋಚವಿಲ್ಲದೆ ಬಿಚ್ಚಿದೆ. ಗೆರೆಗಳು ಸರಿಯಾಗಿದ್ದವು. ಅಲ್ಲಿನ ಡಾಕ್ಟರು ಒಳ್ಳೆಯವರು, ಈ ತೊಂದರೆ ಬಂದು ಹೋಗುವಂಥದ್ದು, ಈಗ ಕಾಣದಿದ್ದರೆ ಇಲ್ಲ ಎಂದಲ್ಲ, ದುರ್ಗಕ್ಕೆ ಹೋಗಿ ಒಂದು ದಿನ ಪೂರ್ತಿ ಎದೆಗೆ ಮಿಷನ್ ಕಟ್ಟಿಸಿಕೊಂಡು ನೋಡಿಸಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಜೇಬಿಗಿಟ್ಟೆ. ನೋಡಿಸಿದರೆ ಏನು ಸಿಕ್ಕುತ್ತದೋ ಎನ್ನುವ ಭಯ, ನೋಡಿಸದಿದ್ದರೆ ಏನಾಗುತ್ತದೋ ಎನ್ನುವ ಭಯಕ್ಕಿಂತ ದೊಡ್ಡದಾಗಿತ್ತು. ಚೀಟಿ ಅಂಗಿಯ ಜೊತೆ ಒಗೆತಕ್ಕೆ ಹೋಯಿತು.

ಮುಂದಿನ ವಾರ ಎರಡು ಸಲ ಎದೆ ಹಾಗೇ ಹಾರಿತು. ಎರಡನೇ ಸಲ ಮನೆಯಲ್ಲೇ ಇದ್ದೆ, ಅವ್ವ ನೋಡಿಬಿಟ್ಟಳು. ನನ್ನ ಅಂಗಿ ಎತ್ತಿ ಬೆನ್ನು ನೋಡಿದಳು, ಮೊಣಕೈ ನೋಡಿದಳು. ಎಲ್ಲೂ ಒಂದು ಮಚ್ಚೆ ಇರಲಿಲ್ಲ.

"ಒಳಗೋಗೈತೆ" ಎಂದಳು. "ನಿಮ್ಮಪ್ಪಂಗೂ ಹಿಂಗೇ ಆಗಿದ್ದು. ಆ ಗುಳಿಗೆ ಬಿಡು ಮಗಾ. ಹೊರಕ್ ತರಾಣ."

ಹೆಂಡತಿ ಬೇಡವೆಂದಳು. ಡಾಕ್ಟರಮ್ಮನಿಗೆ ಒಂದು ಫೋನ್ ಮಾಡಿ ಎಂದಳು, ಮಾತ್ರೆ ತಟಕ್ಕನೆ ಬಿಡಬಾರದು ಎಂದು ಚೀಟಿಯಲ್ಲೇ ಬರೆದಿದ್ದಾರೆ ಎಂದಳು. ನಾನು ಅವಳ ಮೇಲೆ ಕೂಗಾಡಿದೆ. ನಿನ್ನ ಅಪ್ಪ ಸತ್ತದ್ದನ್ನು ನೀನು ನೋಡಿದ್ದೀಯಾ ಎಂದೆ. ಅವಳ ಅಪ್ಪ ಹೊಳಲ್ಕೆರೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಎಂಥ ಮಾತು ಆಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ನಾನು ವಿಜ್ಞಾನದ ಮೇಷ್ಟ್ರು. ನಂಜು ಎನ್ನುವುದು ಬೆಕ್ಕಿನ ಹಾಗೆ ಮೈಯ ಒಳಗೆ ಹೊರಗೆ ಓಡಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ರೊಪ್ಪದ ಬಾಗಿಲಲ್ಲಿ ಕೂತ ಅಪ್ಪನನ್ನು ನೋಡಿದವನು ಮೇಷ್ಟ್ರಲ್ಲ, ಹದಿನಾಲ್ಕರ ಹುಡುಗ. ಆ ಹುಡುಗ ಮಾತ್ರೆ ಬಿಟ್ಟ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಹೀಗೆ ತಿರುಗುಮುರುಗು ಪಥ್ಯ ಶುರುವಾಯಿತು. ಯಾವುದು ನಂಜೋ ಅದನ್ನೇ ತಿನ್ನುವುದು. ಜೊತೆಗೆ ನಮ್ಮೂರ ಕಡೆಯಿಂದ ಅವ್ವ ತರಿಸಿದ ಯಾವುದೋ ಸೊಪ್ಪಿನ ಕಹಿ ಕಷಾಯ, ಬೆಳಿಗ್ಗೆ ಒಂದು ಲೋಟ. ದಿನಾ ಸ್ನಾನವಾದ ಮೇಲೆ ಅವ್ವ ನನ್ನನ್ನು ಹಿತ್ತಲ ಬೆಳಕಿನಲ್ಲಿ ನಿಲ್ಲಿಸಿ ಬೆನ್ನು ಹುಡುಕುತ್ತಿದ್ದಳು. ಆ ದಿನಗಳಲ್ಲಿ ಎದೆ ಒಮ್ಮೆಯೂ ಹಾರಲಿಲ್ಲ. ಅದು ಅವಳಿಗೆ ಪುರಾವೆಯಾಯಿತು. ನನಗೂ ಆಯಿತು.

ಮೂರನೇ ವಾರ ಎಡ ಮೊಣಕೈ ಮೇಲೆ ಕೆಂಪು ಮಚ್ಚೆ ಎದ್ದಿತು. "ಬಂತು ಕಣೇ, ಹೊರಗ್ ಬಂತು" ಎಂದು ಅವ್ವ ನನ್ನ ಹೆಂಡತಿಯನ್ನು ಕೂಗಿ ಕರೆದಳು. ಅಂದು ಮಧ್ಯಾಹ್ನ ಹೋಳಿಗೆ ಮಾಡಿದಳು. ನಾನು ಮಚ್ಚೆಯ ಮೇಲೆ ಬೆರಳಾಡಿಸುತ್ತ ಹೋಳಿಗೆ ತಿಂದೆ. ಹೋದ ಜೀವ ಬಂದಂತಾಗಿತ್ತು. ಒಂಬತ್ತು ವರ್ಷ ಹಗಲಿರುಳು ಶಪಿಸಿದ ಮಚ್ಚೆಯನ್ನು ಕಂಡು ನಾನು ನಕ್ಕಿದ್ದೆ. ಹೆಂಡತಿ ಹೋಳಿಗೆ ಮುಟ್ಟಲಿಲ್ಲ.

ಹೊರಗೆ ಬಂದದ್ದು ಒಂದು ಮಚ್ಚೆಗೆ ನಿಲ್ಲಲಿಲ್ಲ. ಹತ್ತು ದಿನದಲ್ಲಿ ಬೆನ್ನು, ಹೊಟ್ಟೆ, ತೊಡೆ ಒಂದಕ್ಕೊಂದು ಸೇರಿಕೊಂಡು ಮೈಯೆಲ್ಲ ಕೆಂಡದ ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಬಿಸಿ. ಆದರೆ ನನಗೆ ಚಳಿ, ಹಲ್ಲು ಕಟಕಟ. ಹಾಸಿಗೆಯ ತುಂಬ ಹೊಟ್ಟು. ಚರ್ಮ ಬಿಗಿದು ಕಾಲು ಮಡಿಸಲಾಗುತ್ತಿರಲಿಲ್ಲ. ಪೂರ್ತಿ ಹೊರಗೆ ಬರಲಿ, ಆಮೇಲೆ ತಾನೇ ಇಳಿಯುತ್ತದೆ ಎಂದಳು ಅವ್ವ. ಆದರೆ ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಫೋನ್ ಮಾಡಿದಾಗ ಅಪ್ಪನಿಗೆ ಸ್ವಲ್ಪ ಜ್ವರ ಎಂದು ಮೂವರೂ ಒಂದೇ ಸುಳ್ಳು ಹೇಳಿದೆವು.

ಒಂದು ಬೆಳಿಗ್ಗೆ ಕಷಾಯದ ಲೋಟ ಕೈಯಲ್ಲಿ ಹಿಡಿದಿದ್ದೆ. ಎದೆಯೊಳಗಿನ ಗುಬ್ಬಿ ಎಚ್ಚರಾಯಿತು. ಈ ಸಲ ಸುಮ್ಮನಾಗಲಿಲ್ಲ. ಕಣ್ಣು ಕತ್ತಲಿಟ್ಟಿತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಲೋಟ ಬಿತ್ತು. ನನ್ನ ಬಾಯಿಂದ ಬಂದ ಮಾತು ನಾನು ಆರಿಸಿಕೊಂಡದ್ದಲ್ಲ.

"ಎದೆ ಹಾರ್ತೈತೆ ಕಣವ್ವಾ."

ಅವ್ವನ ಮುಖದಿಂದ ರಕ್ತ ಇಳಿದುಹೋಯಿತು. ಮೂವತ್ತು ವರ್ಷದ ಹಿಂದೆ ಕೇಳಿದ್ದ ಮಾತನ್ನು ಅವಳು ಮತ್ತೆ ಕೇಳಿದ್ದಳು, ಅದೂ ನಂಜೆಲ್ಲ ಹೊರಗಿರುವಾಗ. ಅವಳ ನಂಬಿಕೆಯ ಪ್ರಕಾರ ಆ ಹೊತ್ತಿನಲ್ಲಿ ನನ್ನ ಎದೆಗೆ ಏನೂ ಆಗುವ ಹಾಗಿರಲಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಹೆಂಡತಿ ಮುಂದೆ ಕೂತಿದ್ದಳು, ತೊಡೆಯ ಮೇಲೆ ನನ್ನ ಹಳೆಯ ಚೀಟಿಗಳ ಫೈಲು. ಅದನ್ನು ಅವಳು ಯಾವಾಗ ಜೋಡಿಸಿಟ್ಟಳೋ ಗೊತ್ತಿಲ್ಲ. ಹಿಂದೆ ಅವ್ವನ ತೊಡೆಯ ಮೇಲೆ ನನ್ನ ತಲೆ, ನನ್ನ ಎದೆಯ ಮೇಲೆ ಅವಳ ಕೈ. ಕಿಟಕಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಅವುಗಳ ರೆಕ್ಕೆ ಸಮನಾಗಿ ತಿರುಗುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು. ಹೊಳಲ್ಕೆರೆ ಬಂದಾಗ ಹೆಂಡತಿ ತವರಿನ ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ. ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಎಲ್ಲಿ ಎನ್ನುವುದೊಂದೇ ಗೊತ್ತಿರಲಿಲ್ಲ. ಪ್ರತಿ ಊರಿನ ಕಲ್ಲು ಬಂದಾಗಲೂ ಇದಲ್ಲ, ಇನ್ನೊಂದು, ಎಂದುಕೊಳ್ಳುತ್ತಿದ್ದೆ.

ದುರ್ಗದ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಬೇಕಾಯಿತು. ನರ್ಸ್ ಹುಡುಗಿ ವಯರು ಹಿಡಿದು, ಎಲ್ಲಿ ಅಂಟಿಸುವುದೆಂದು ನನ್ನ ಎದೆಯ ಮೇಲೆ ಒಳ್ಳೆಯ ಚರ್ಮ ಹುಡುಕುತ್ತಿದ್ದಳು. ಈ ಕಾಯಿಲೆ ಅಂಟುವುದಿಲ್ಲಮ್ಮ ಎಂದೆ. ಗೊತ್ತು ಸಾರ್, ಕೈ ಸಡಿಲ ಬಿಡಿ ಎಂದಳು. ಆ ಸ್ಥಿತಿಯಲ್ಲೂ ಆ ಮಾತು ಹಿತವಾಯಿತು.

ಈ ಸಲ ಗೆರೆಗಳು ಸುಳ್ಳು ಹೇಳಲಿಲ್ಲ. ಹೃದಯದ ಡಾಕ್ಟರು ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದರು. ಹೃದಯದ ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತಿವೆ ಎಂದರು. ಹಾಗೆ ನಡುಗುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ನನಗೆ ಚಿತ್ರ ಬರೆದು ತೋರಿಸಬೇಕಾಗಿರಲಿಲ್ಲ. ನಾಲ್ಕು ಕೋಣೆಗಳ ಆ ಹೃದಯವನ್ನು ನಾನು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಬೋರ್ಡಿನ ಮೇಲೆ ಅದು ಯಾವತ್ತೂ ನಡುಗಿರಲಿಲ್ಲ.

ಬಡಿತ ಹಿಡಿತಕ್ಕೆ ತರಲು ಸಾಮಾನ್ಯವಾಗಿ ಕೊಡುವ ಒಂದು ಮಾತ್ರೆ ಕೆಲವರಲ್ಲಿ ಈ ಚರ್ಮದ ಕಾಯಿಲೆಯನ್ನು ಕೆರಳಿಸುತ್ತದಂತೆ. ಅದಕ್ಕೇ ಅವರು ಚರ್ಮದ ಡಾಕ್ಟರಮ್ಮನಿಗೆ ಫೋನ್ ಮಾಡಿ, ಇಬ್ಬರೂ ಮಾತಾಡಿ ಬೇರೆ ಔಷಧಿ ಆರಿಸಿದರು. ಮಾತ್ರೆ ಬಿಟ್ಟ ವಿಷಯ, ಕಷಾಯದ ವಿಷಯ ಹೆಂಡತಿಯೇ ಹೇಳಿದಳು. ನನ್ನನ್ನಾಗಲಿ ಅತ್ತೆಯನ್ನಾಗಲಿ ದೂರಲಿಲ್ಲ, ಇಂಥ ದಿನ ನಿಲ್ಲಿಸಿದರು ಎಂದಷ್ಟೇ ಹೇಳಿದಳು. ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ.

ಮೂರನೇ ದಿನಕ್ಕೆ ಬಡಿತ ದಾರಿಗೆ ಬಂತು. ಅಂದು ಡಾಕ್ಟರು ಬಂದಾಗ, ಅಷ್ಟು ದಿನ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವ್ವ ಎದ್ದು ನಿಂತಳು.

"ಸಾಮಿ, ಒಂದ್ ಮಾತು. ನಂಜು ಒಳಗೋಗಿ ಎದಿಗ್ ಬಡಿತೈತಾ?"

ಡಾಕ್ಟರು ನಗಲಿಲ್ಲ. "ಒಳಗೂ ಹೋಗಲ್ಲ, ಹೊರಗೂ ಬರಲ್ಲಮ್ಮ. ಉರಿ ಎರಡೂ ಕಡೆ ಒಟ್ಟಿಗೇ ಇರುತ್ತೆ. ಚರ್ಮದ ಮೇಲೆ ಕಣ್ಣಿಗೆ ಕಾಣುತ್ತೆ, ಒಳಗೆ ಕಾಣಲ್ಲ. ಅದನ್ನ ಆರಿಸೋಕೆ ಔಷಧಿ ಕೊಟ್ಟಿದ್ದು." ಎಲ್ಲರಿಗೂ ಹೀಗಾಗುವುದಿಲ್ಲ, ಈ ಸಲದ್ದಕ್ಕೆ ಇದೇ ಕಾರಣ ಎಂದೂ ಗೀಟು ಹಾಕಿ ಹೇಳಲಾಗದು ಎಂದು ಅವರು ನನ್ನ ಕಡೆ ತಿರುಗಿ ಸೇರಿಸಿದರು.

ಅವ್ವ ಇನ್ನೂ ನಿಂತೇ ಇದ್ದಳು. "ಅಂಗಾರೆ ನಾನು ನಮ್ಮ ಯಜಮಾನ್ರಿಗೆ ಮುಲಾಮು ತಿಕ್ಕಿದ್ನಲ್ಲ. ಮೂರು ತಿಂಗ್ಳು. ಅದ್ರಿಂದ ಅಲ್ವಾ ಅವ್ರು ಹೋಗಿದ್ದು?"

ಮೂವತ್ತು ವರ್ಷ ಅವಳು ಹೊತ್ತು ತಿರುಗಿದ್ದು ಇದು. ನಾವು ಯಾರೂ ಕೇಳಿರಲಿಲ್ಲ. ನಂಜಿಗೆ ಹೆದರುತ್ತಾಳೆ ಎಂದುಕೊಂಡಿದ್ದೆ; ಅವಳು ಹೆದರುತ್ತಿದ್ದದ್ದು ತನ್ನ ಎರಡು ಕೈಗಳಿಗೆ. ಡಾಕ್ಟರು, ಅಂದು ಯಾರೂ ಪರೀಕ್ಷೆ ಮಾಡಿಲ್ಲ, ಯಾಕೆ ಹೋದರು ಎಂದು ಹೇಳಲು ಆಗುವುದಿಲ್ಲ, ಆದರೆ ಚರ್ಮ ವಾಸಿಯಾದದ್ದರಿಂದ ಎದೆ ನಿಂತಿತು ಎಂದು ನಾನಂತೂ ಹೇಳುವುದಿಲ್ಲ ಎಂದರು. ಅವ್ವ ಕೂತಳು. ಸೆರಗಿನಿಂದ ತನ್ನ ಅಂಗೈಗಳನ್ನು ಒರೆಸಿಕೊಂಡಳು, ಬಹಳ ಹೊತ್ತು.

ಇದೆಲ್ಲ ಆಗಿ ಈಗ ಒಂದು ವರ್ಷದ ಮೇಲಾಯಿತು. ಮಾತ್ರೆಗಳು ಹೆಚ್ಚಾಗಿವೆ, ಬದನೆಕಾಯಿ ತಿನ್ನಲು ಅಡ್ಡಿಯಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಆದರೆ ಈಗ ನನಗೇ ಅದು ಗಂಟಲಲ್ಲಿ ಇಳಿಯುವುದಿಲ್ಲ. ಚರ್ಮ ಮೆಲ್ಲಗೆ ತಿಳಿಯಾಗುತ್ತ ಬಂತು. ಕೊನೆಗೆ ಉಳಿದದ್ದು ಎಡ ಮೊಣಕೈ ಮೇಲಿನ ಒಂದು ಮಚ್ಚೆ. ಅವ್ವ ದಿನಾ ಅದನ್ನು ಮುಟ್ಟಿ ನೋಡಿ ಸಮಾಧಾನ ಪಡುತ್ತಿದ್ದಳು. ಡಾಕ್ಟರು ಹೇಳಿದ್ದು ಅವಳ ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಯುಗಾದಿ ಕಳೆದ ಮೇಲೆ ಆ ಮಚ್ಚೆಯೂ ಹೋಯಿತು. ಅಂದಿನಿಂದ ನಾನು ಮತ್ತೆ ತುಂಬುತೋಳಿನ ಅಂಗಿ ಹಾಕತೊಡಗಿದೆ. ಒಂಬತ್ತು ವರ್ಷ ಊರಿನಿಂದ ರೋಗ ಮುಚ್ಚಿಟ್ಟವನು, ಈಗ ವಾಸಿಯಾದ ಚರ್ಮವನ್ನು ಅವ್ವನಿಂದ ಮುಚ್ಚಿಡುತ್ತಿದ್ದೆ.

ಕಳೆದ ಭಾನುವಾರ, ವಾರದ ಮಾತ್ರೆಯ ದಿನ, ತಿಂಡಿಯಾದ ಮೇಲೆ ಅವ್ವ ನೀರಿನ ಲೋಟ ಮತ್ತು ಮಾತ್ರೆಯ ಹಾಳೆ ಹಿಡಿದು ಬಂದಳು. ಆ ಕೆಲಸವನ್ನು ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಬೇರೆ ಯಾರಿಗೂ ಬಿಟ್ಟಿಲ್ಲ. ಫ್ಯಾನಿನ ಕೆಳಗೂ ಬೆವರುತ್ತಿದ್ದ ನನ್ನನ್ನು ನೋಡಿ, "ಅಂಗಿ ತೋಳು ಮಡಚು" ಎಂದಳು.

ಮಡಚಿದೆ. ಅವಳು ಮೊಣಕೈಯನ್ನು ಬೆಳಕಿಗೆ ತಿರುಗಿಸಿದಳು. ಏನೂ ಇರಲಿಲ್ಲ. ಅವಳ ಬೆರಳು ಅಲ್ಲೇ ಹುಡುಕುತ್ತಿತ್ತು.

"ಭಯ ಆಗ್ತೈತೆ ಮಗಾ" ಎಂದಳು.

ನನಗೂ ಆಗುತ್ತದೆ ಎಂದೆ. ಅವಳು ಹಾಳೆಯಿಂದ ಮಾತ್ರೆ ಒತ್ತಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ನಾನು ನುಂಗುವವರೆಗೂ ನಿಂತಿದ್ದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಹೆಬ್ಬೆರಳ ಬುಡಕ್ಕೆ, ನಾನು ಮಕ್ಕಳಿಗೆ ತೋರಿಸುವ ಜಾಗಕ್ಕೇ ಬೆರಳಿಟ್ಟಳು. ಅವಳಿಗೆ ಗಡಿಯಾರ ನೋಡಿ ಎಣಿಸಲು ಬರುವುದಿಲ್ಲ, ಅದಕ್ಕೇ ನನ್ನನ್ನು ಕೇಳಿದಳು.

"ಎಷ್ಟೈತೆ?"

"ಎಪ್ಪತ್ತೆರಡು ಕಣವ್ವಾ" ಎಂದೆ. ನಾನು ಎಣಿಸಿರಲಿಲ್ಲ. ಎಣಿಸಲು ಧೈರ್ಯವಾಗಲಿಲ್ಲ.